ಇಲಿಗೆ ಹೆದರಿ ಕಟ್ಟಿದ ಊರು

ಮಲ್ಲೇಶ್ವರದವರ ಜೊತೆ ಐದು ನಿಮಿಷ ಮಾತಾಡಿದರೆ ಸಾಕು, ಅವರು ಮಲ್ಲೇಶ್ವರದವರು ಅಂತ ಗೊತ್ತಾಗಿಬಿಡುತ್ತದೆ. ಅಷ್ಟರೊಳಗೆ ಅವರೇ ಹೇಳಿರುತ್ತಾರೆ. ನಾನೂ ಆ ಪೈಕಿಯೇ. ಮದುವೆಮನೆಯಲ್ಲಿ ಪಕ್ಕದ ಎಲೆಯವರು ಕೋಸಂಬರಿಗೆ ಕೈ ಹಾಕುವ ಮೊದಲೇ ‘ನಾವು ಮಲ್ಲೇಶ್ವರ, ಮೂರು ತಲೆಮಾರಿನಿಂದ’ ಎಂದು ಹೇಳಿ ಮುಗಿಸಿರುತ್ತೇನೆ. ಅವರು ಬಸವನಗುಡಿಯವರಾಗಿದ್ದರೆ ಮುಗಿಯಿತು, ಪಾಯಸ ಬರುವ ತನಕ ದೋಸೆಯ ಮೇಲೆ ವಾಗ್ವಾದ. ಅವರದು ವಿದ್ಯಾರ್ಥಿ ಭವನ, ನಮ್ಮದು ಸಿ.ಟಿ.ಆರ್. ಈ ವ್ಯಾಜ್ಯಕ್ಕೆ ಯಾವ ಕೋರ್ಟೂ ಇಲ್ಲ.

ಹಾಗೆ ನೋಡಿದರೆ ಇಬ್ಬರೂ ಒಂದೇ ಹೆರಿಗೆಯ ಅವಳಿಜವಳಿ. ಸೂಲಗಿತ್ತಿ ಯಾರು ಎಂದು ಕೇಳಿದರೆ ಮಾತ್ರ ಇಬ್ಬರೂ ಮಾತು ಹೊರಳಿಸುತ್ತೇವೆ. ಇಲಿ! 1898ರ ಆಗಸ್ಟಿನಲ್ಲಿ ಪ್ಲೇಗು ಹುಬ್ಬಳ್ಳಿ ಕಡೆಯಿಂದ ರೈಲು ಹತ್ತಿಕೊಂಡು ಬೆಂಗಳೂರಿಗೆ ಬಂದು ಇಳಿಯಿತು. ಪೇಟೆಯಲ್ಲಾದರೋ ಗೋಡೆಗೆ ಗೋಡೆ ತಾಗಿದ ಮನೆಗಳು, ಬೆಳಕಿಲ್ಲದ ಕೋಣೆಗಳು, ಕಾಳುಕಡಿ ತುಂಬಿದ ಕಣಜಗಳು. ಇಲಿಗಳಿಗೆ ಅದಕ್ಕಿಂತ ಸುಖದ ಬೀಡು ಇನ್ನೆಲ್ಲಿ? ಅಟ್ಟದ ಮೇಲಿಂದ ಇಲಿಯೊಂದು ಸತ್ತು ಬಿತ್ತೆಂದರೆ ಮನೆಮಂದಿಯೆಲ್ಲ ಬಾಗಿಲಿಗೆ ಬೀಗ ಹಾಕಿ ಊರಾಚೆಯ ಗುಡಿಸಿಲಿಗೆ ಓಡುವುದು. ಬಸವನಗುಡಿ, ಮಲ್ಲೇಶ್ವರಗಳ ನಕ್ಷೆ ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ, 1892ರ ಹೊತ್ತಿಗೇ ತಯಾರಾಗಿತ್ತು. ಆದರೆ ಪೇಟೆ ಬಿಟ್ಟು ಕಾಡಿಗೆ ಯಾರು ಹೋಗುತ್ತಾರೆ ಹೇಳಿ? ಸರ್ಕಾರ ಕರೆದರೆ ಕದಲದ ಜನ ಇಲಿ ಸತ್ತರೆ ಕದಲಿದರು. ಅಗಲ ರಸ್ತೆ, ಮನೆಯ ಸುತ್ತ ಗಾಳಿ ಬೆಳಕು, ಹಿತ್ತಿಲ ಹಿಂದೆ ಕನ್ಸರ್ವೆನ್ಸಿ ಗಲ್ಲಿ. ಚೌಕಾಬಾರದ ಮನೆ ಬರೆದ ಹಾಗೆ ಅಡ್ಡಗೆರೆ ಉದ್ದಗೆರೆ ಎಳೆದು ಎಂಟು ಬ್ಲಾಕು ಮಾಡಿದರು. ಆ ಬ್ಲಾಕುಗಳನ್ನು ಜಾತಿ ನೋಡಿ ಹಂಚಿದರು ಎಂಬುದನ್ನು ನಾವು ಮದುವೆಮನೆಯಲ್ಲಿ ಹೇಳುವುದಿಲ್ಲ. ಇಲಿ ಯಾರ ಜಾತಿಯನ್ನೂ ಕೇಳಿರಲಿಲ್ಲ, ಸೈಟು ಹಂಚಿದವರು ಕೇಳಿದರು.

ನಾವು ಬರುವ ಮುಂಚೆ ಇಲ್ಲಿ ಏನೂ ಇರಲಿಲ್ಲ ಎಂದು ನನ್ನ ಅಜ್ಜ ಹೇಳುತ್ತಿದ್ದರು. ಅಜ್ಜಂದಿರು ಹೇಳುವುದೇ ಹಾಗೆ. ಕಾಡು ಮಲ್ಲೇಶ್ವರನ ಗುಡಿ ಇತ್ತಲ್ಲ! ಶಿವಾಜಿಯ ಮಲತಮ್ಮ ಏಕೋಜಿ 1669ರಲ್ಲಿ ಮಲ್ಲಪುರದ ಈ ದೇವರಿಗೆ ಮೇದರನಿಂಗನಹಳ್ಳಿ ಎಂಬ ಊರನ್ನು ಬಿಟ್ಟುಕೊಟ್ಟ ಎಂದು ಕಲ್ಲಿನ ಮೇಲೆ ಬರೆದಿದೆ. ಊರೊಂದು ಇದ್ದ ಮೇಲೆ ಜನ ಇದ್ದರು, ದನ ಇತ್ತು, ಹೊಲ ಇತ್ತು. ಮೂರು ತಲೆಮಾರಿನ ನಾವು ಅವರ ಮುಂದೆ ನಿನ್ನೆ ಸಂಜೆ ಗಂಟುಮೂಟೆ ಇಳಿಸಿದ ಬಾಡಿಗೆದಾರರು.

ಕಲ್ಲಿನ ಮಾತು ಬಂತು, ಬಿ. ಎಲ್. ರೈಸ್ ಅವರನ್ನು ನೆನೆಯದೆ ಮುಂದೆ ಹೋಗಲಾರೆ. ಬೆಂಗಳೂರಿನಲ್ಲೇ 1837ರಲ್ಲಿ ಹುಟ್ಟಿದ ಈ ಪುಣ್ಯಾತ್ಮ ಮೈಸೂರು ಸೀಮೆಯ ಶಾಲೆಗಳ ಮೇಲಧಿಕಾರಿ. ಹೋಬಳಿಗೊಂದು ಶಾಲೆ ಆಗಬೇಕೆಂದು 1868ರಲ್ಲಿ ಯೋಜನೆ ಹಾಕಿದವರು ಅವರೇ. ಶಾಲೆ ತಪಾಸಣೆಗೆಂದು ಊರೂರು ತಿರುಗುವಾಗ ಬೇಲಿಬದಿಯಲ್ಲಿ, ಗುಡಿಯ ಹಿಂದೆ ಬಿದ್ದಿದ್ದ ಬರಹದ ಕಲ್ಲುಗಳು ಅವರ ಕಣ್ಣಿಗೆ ಬಿದ್ದು, ಎಪಿಗ್ರಾಫಿಯಾ ಕರ್ನಾಟಿಕಾದ ಸಂಪುಟಗಳು ಹುಟ್ಟಿಕೊಂಡವು. ನಮ್ಮ ಶಾಲೆಗೂ ಇನ್‌ಸ್ಪೆಕ್ಟರು ಬರುತ್ತಿದ್ದರು. ಅವರ ಕಣ್ಣಿಗೆ ಬಿದ್ದದ್ದು ನಮ್ಮ ಉಗುರುಗಳ ಸಂದಿಯ ಕೊಳೆ ಮಾತ್ರ.

ಅಂತೂ ಶಾಲೆಗೆ ಬಂದೆವು. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1913ರಲ್ಲಿ, ಮೈಸೂರು ಸಂಸ್ಥಾನದ ಆಯ್ದ ಕಡೆಗಳಲ್ಲಿ ಮಕ್ಕಳ ಓದನ್ನು ಕಡ್ಡಾಯ ಮಾಡುವ ಕಾನೂನು ಬಂತು. ಆ ಕಾನೂನು ನನ್ನ ತನಕ ಬಂದು ಮುಟ್ಟುವಾಗ ನನ್ನ ಅಪ್ಪನ ರೂಪದಲ್ಲಿತ್ತು, ಕೈಯಲ್ಲಿ ಕೊಡೆಯೂ ಇತ್ತು. ಮಂಗಳೂರು ಹೆಂಚಿನ ಸರ್ಕಾರಿ ಪ್ರಾಥಮಿಕ ಶಾಲೆ. ಹೆಡ್‌ಮೇಷ್ಟ್ರು ನನ್ನನ್ನು ಎದುರಿಗೆ ನಿಲ್ಲಿಸಿಕೊಂಡು, ಬಲಗೈಯನ್ನು ತಲೆಯ ಮೇಲಿಂದ ತಂದು ಎಡಕಿವಿ ಮುಟ್ಟು ಎಂದರು. ಆ ಕಾಲದಲ್ಲಿ ಜನನಪ್ರಮಾಣಪತ್ರ ಎಂದರೆ ಅದೇ. ಬೆರಳು ಕಿವಿಯ ತನಕ ಬರಲಿಲ್ಲ. ಅಪ್ಪ ಹಿಂದಿನಿಂದ ನನ್ನ ತಲೆಯನ್ನು ಮೆಲ್ಲಗೆ ಬಲಕ್ಕೆ ಬಾಗಿಸಿದರು. ಕಿವಿ ಸಿಕ್ಕಿತು! ಮೇಷ್ಟ್ರು ನೋಡಿಯೂ ನೋಡದವರ ಹಾಗೆ ಪೆನ್ನು ಅದ್ದಿ, ಕಾರ್ತಿಕ ಮಾಸದಲ್ಲಿ ಹುಟ್ಟಿದವನನ್ನು ಅದೇ ವರ್ಷದ ಮೇ ತಿಂಗಳಿಗೆ ತಳ್ಳಿ ರಿಜಿಸ್ಟರಿನಲ್ಲಿ ಬರೆದುಕೊಂಡರು. ವರ್ಷಾನುಗಟ್ಟಲೆ ಅದರಿಂದ ಯಾರಿಗೂ ಕೇಡಾಗಲಿಲ್ಲ. ಆದದ್ದು ನಿವೃತ್ತಿಯ ಹೊತ್ತಿಗೆ. ಜಾತಕದ ಪ್ರಕಾರ ಇನ್ನೂ ಆರು ತಿಂಗಳ ಸಂಬಳ ಬರಬೇಕಿದ್ದವನನ್ನು ಹಾರ ಹಾಕಿ, ಶಾಲು ಹೊದಿಸಿ, ಮೇ ಮೂವತ್ತೊಂದಕ್ಕೇ ಮನೆಗೆ ಕಳಿಸಿದರು. ನನ್ನ ಮನೆಯವಳು ಇವತ್ತಿಗೂ ದೂರುವುದು ಆ ಹೆಡ್‌ಮೇಷ್ಟ್ರನ್ನಲ್ಲ, ನನ್ನ ಮೋಟು ಕೈಯನ್ನು.

ಅದೇ ರಿಜಿಸ್ಟರನ್ನು ಮೊನ್ನೆ ಮತ್ತೆ ನೋಡುವ ಯೋಗ ಬಂತು. ಹೇಗೆ ಅನ್ನುತ್ತೀರಾ? ವೋಟು ಹಾಕಲು ಹೋಗಿದ್ದೆ. ನಮ್ಮ ಬಡಾವಣೆಯ ಸಭ್ಯಸ್ಥರು ಈ ಶಾಲೆಯ ಒಳಗೆ ಕಾಲಿಡುವುದು ಮತಗಟ್ಟೆಯಾದ ದಿನ ಮಾತ್ರ. ಅಲ್ಲಿದ್ದ ಮುಖ್ಯಶಿಕ್ಷಕಿಗೆ ನಾನು ಇಲ್ಲಿನ ಹಳೇ ವಿದ್ಯಾರ್ಥಿ ಎಂದೆ. ಆಕೆ ಬೆಚ್ಚಿಬಿದ್ದರು. ಅಂಥವರು ಸಾಮಾನ್ಯವಾಗಿ ಹೇಳಿಕೊಳ್ಳುವುದಿಲ್ಲವಂತೆ. ‘ಇನ್ನೊಂದು ದಿನ ಬನ್ನಿ ಸರ್, ಮಕ್ಕಳಿಗೆ ಈ ಏರಿಯಾದ ಹಿಸ್ಟರಿ ಹೇಳಿ’ ಎಂದು ಕರೆದರು. ಕರೆದರೆ ಬಿಡುವ ಪೈಕಿಯೇ ನಾನು?

ಹೋದ ದಿನ ಕಬ್ಬಿಣದ ಬೀರುವಿನಿಂದ ರಿಜಿಸ್ಟರುಗಳನ್ನು ತೆಗೆದು ಮುಂದಿಟ್ಟರು. ಅಂಚು ಗೆದ್ದಲು ತಿಂದು ಹೋಗಿದ್ದರೂ ನಡುವಿನ ನೀಲಿ ಮಸಿ ಗಟ್ಟಿಯಾಗಿತ್ತು. ನನ್ನ ಸುಳ್ಳು ಹುಟ್ಟುಹಬ್ಬವನ್ನು ಕಂಡು ನಿಟ್ಟುಸಿರು ಬಿಟ್ಟವನ ಕಣ್ಣು ‘ತಂದೆಯ ಕಸುಬು’ ಎಂಬ ಅಂಕಣದಲ್ಲಿ ನಿಂತುಹೋಯಿತು. ಗುಮಾಸ್ತೆ, ಅಡುಗೆ, ಅರ್ಚಕ, ಜಟಕಾ, ಕಂಪಾಸಿಟರು, ಹೂವಿನ ವ್ಯಾಪಾರ, ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ಜವಾನ. ‘ರಾಜಾ ಮಿಲ್’ ಎಂಬುದಂತೂ ಪುಟಪುಟಕ್ಕೂ. ಪುಟ ತಿರುವಿದ ಹಾಗೆ ಎಚ್.ಎಂ.ಟಿ., ಬಿ.ಇ.ಎಲ್. ಬಂದವು, ಜಟಕಾ ಹೋಗಿ ಆಟೋ ಬಂತು. ಮಿಲ್ಲು ಕಾಣೆಯಾಯಿತು. ಮಿಲ್ಲಿನ ಜಾಗದಲ್ಲಿ 2010ರಲ್ಲಿ ಮಂತ್ರಿ ಮಾಲ್ ತೆರೆಯಿತಲ್ಲ, ಈಚಿನ ಪುಟಗಳಲ್ಲಿ ‘ಮಾಲ್ ಸೆಕ್ಯುರಿಟಿ’ ಎಂದಿದೆ. ಗುಮಾಸ್ತರ, ಅರ್ಚಕರ ಮಕ್ಕಳು ಒಂದು ಕಾಲಘಟ್ಟದಿಂದ ಈಚೆಗೆ ಪೂರಾ ನಾಪತ್ತೆ. ಆ ಕಾಲಘಟ್ಟ ಯಾವುದೆಂದು ನನಗೆ ಚೆನ್ನಾಗಿ ಗೊತ್ತು, ನನ್ನ ಮಗನನ್ನು ಹಳದಿ ಬಸ್ಸು ಹತ್ತಿಸಿದ ಕಾಲ ಅದು. ನಮ್ಮ ಬೀದಿಯಲ್ಲಿ ಭಾನುವಾರ ಬೆಳಗ್ಗೆ ಹೆರಿಟೇಜ್ ವಾಕ್ ನಡೆಯುತ್ತದೆ. ಪ್ರಕಾಶ್ ಪಡುಕೋಣೆ ಆಟ ಕಲಿತ ಕೆನರಾ ಯೂನಿಯನ್ನಿನ ಹಾಲ್ ತೋರಿಸುತ್ತಾರೆ. ಮದುವೆ ಇದ್ದ ದಿನ ಅಲ್ಲಿ ಆಟ ಬಂದ್ ಆಗುತ್ತಿತ್ತಂತೆ. ಸಿ. ವಿ. ರಾಮನ್ನರ ಮನೆ ತೋರಿಸುತ್ತಾರೆ. ಕೊನೆಗೆ ಬೆಣ್ಣೆ ದೋಸೆ ತಿನ್ನಿಸುತ್ತಾರೆ. ಶಾಲೆಯ ಮುಂದೆಯೇ ಹಾದುಹೋಗುತ್ತಾರೆ, ನಿಲ್ಲುವುದಿಲ್ಲ. ಪರಂಪರೆ ನೋಡಲು ಇನ್ನೂರು ಮುನ್ನೂರು ಕೊಡುವ ನಾವು ಆ ಗೇಟಿನೊಳಗೆ ಒಂದು ಮಗುವನ್ನೂ ಕಳಿಸುವುದಿಲ್ಲ.

ತರಗತಿಗೆ ಹೋದೆ. ನಮ್ಮ ಕಾಲದಲ್ಲಿ ಇಲ್ಲೇ ಅಮೆರಿಕದ ಕೇರ್ ಸಂಸ್ಥೆಯ ಹಳದಿ ಉಪ್ಪಿಟ್ಟು ಬಡಿಸುತ್ತಿದ್ದರು. ಮನೆಯಲ್ಲಿ ತಿಂಡಿ ತಿಂದು ಬಂದವರೂ ಸಾಲಿನಲ್ಲಿ ನಿಂತಿರುತ್ತಿದ್ದೆವು. ಈಗ ಬೆಂಚುಗಳ ಮೇಲೆ ಕೂತಿದ್ದವರಲ್ಲಿ ಹೆಚ್ಚಿನವರು ಯಾದಗಿರಿ, ರಾಯಚೂರಿನ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರ ಮಕ್ಕಳು. ಪ್ಲೇಗಿನ ಕತೆಯನ್ನು ಕೈಕಾಲು ಆಡಿಸಿ ಹೇಳಿದೆ. ಅಟ್ಟದಿಂದ ಇಲಿ ಬೀಳುವ ಜಾಗದಲ್ಲಿ ಡಸ್ಟರನ್ನೇ ಬೀಳಿಸಿದೆ. ಎರಡು ಜಡೆಯ ಹುಡುಗಿಯೊಬ್ಬಳು ಎದ್ದು ನಿಂತಳು.

‘ಸರ, ಹಂಗಾದ್ರ ಇಲ್ಲಿ ಇರೋವ್ರೆಲ್ಲ ಬ್ಯಾರೆ ಕಡಿಂದ ಬಂದವ್ರೇ ಏನ್ರಿ?’

‘ಹೂಂ ಕಣಮ್ಮ.’

‘ನಿಮ್ದು ಯಾವೂರ್ರಿ?’

ಜನ್ಮದಲ್ಲಿ ನನ್ನನ್ನು ಮಲ್ಲೇಶ್ವರದಲ್ಲಿ ನಿಲ್ಲಿಸಿಕೊಂಡು ಯಾರೂ ಈ ಪ್ರಶ್ನೆ ಕೇಳಿರಲಿಲ್ಲ. ‘ಇದೇ ಊರು, ಮೂರು ತಲೆಮಾರಿನಿಂದ’ ಎಂದೆ.

‘ಅದಕ್ಕ ಮೊದ್ಲರಿ?’

‘ಅದಕ್ಕೆ ಮೊದಲು ಅರಳೇಪೇಟೆ.’

‘ಅದಕ್ಕೂ ಮೊದ್ಲ?’

ಹಿಂದಿನ ಬೆಂಚಿನವರೂ ಓದುವುದು ಬಿಟ್ಟು ಕತ್ತು ನೀಡಿದರು. ಮುಖ್ಯಶಿಕ್ಷಕಿ ‘ಸರ್‌ನ ಅಷ್ಟೆಲ್ಲ ಕೇಳಬಾರದು, ಕೂತ್ಕೊ’ ಎಂದರು. ಪುಣ್ಯಕ್ಕೆ ಹಾಲಿನ ಗಂಟೆ ಹೊಡೆಯಿತು. ಎಲ್ಲರೂ ಲೋಟ ಹಿಡಿದು ಓಡಿದರು. ಆ ಹುಡುಗಿ ಬಾಗಿಲ ತನಕ ಹೋದವಳು ತಿರುಗಿ ಬಂದು, ‘ಮನ್ಯಾಗ ಕೇಳ್ಕೊಂಡು ಬರ್ರಿ ಸರ’ ಎಂದು ನನಗೆ ಹೋಮ್‌ವರ್ಕ್ ಕೊಟ್ಟು ಹೋದಳು.