ಕೋಲಾರ ಪೇಟೆಯ ಲಾಡ್ಜು: ಒಂದು ಶಾಸನಶಾಸ್ತ್ರೀಯ ಅಧ್ಯಯನ

ಬಿ.ಎಲ್. ರೈಸ್ ಸಾಹೇಬರು 1905ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕದ ಹತ್ತನೆಯ ಸಂಪುಟ ಹೊರತಂದಾಗ ಕೋಲಾರ ಜಿಲ್ಲೆಯ ಶಾಸನಗಳ ಕೆಲಸ ಬಹುಮಟ್ಟಿಗೆ ಮುಗಿಯಿತೆಂದು ವಿದ್ವಾಂಸರು ನಿರಾಳರಾದರು. ಕೋಲಾರಮ್ಮನ ಗುಡಿಯಲ್ಲಿ ಚೋಳರು ಕೆತ್ತಿಸಿದ ತಮಿಳು ಬರಹಗಳನ್ನು ಓದಿದ್ದಾಯಿತು, ಮುಳಬಾಗಿಲು ಸೀಮೆಯ ಕಲ್ಲುಗಳನ್ನೂ ಬಿಡಲಿಲ್ಲ. ಆದರೆ ಕೋಲಾರ ಪೇಟೆಯ ಲಾಡ್ಜುಗಳಲ್ಲಿ ರೂಮಿನ ಬಾಗಿಲ ಹಿಂದೆ ಅಂಟಿಸಿರುವ ಬರಹಗಳತ್ತ ಇಂದಿಗೂ ಯಾರೂ ಕಣ್ಣು ಹಾಯಿಸಿಲ್ಲ. ಆ ಲೋಪವನ್ನು ತುಂಬುವುದೇ ಪ್ರಸ್ತುತ ಪ್ರಬಂಧದ ಘನ ಉದ್ದೇಶ.

ಮೊದಲಿಗೆ ಪೂರ್ವಪಕ್ಷ. ಚಾರಿತ್ರಿಕ ನಗರದ ಹಳೇ ಬೀದಿಯಲ್ಲಿ ಚಿಕ್ಕದಾದ, ಮನಸೆಳೆಯುವ ವಸತಿಗೃಹವೆಂದರೆ ಪಾಂಡಿಚೇರಿಗೆ ಹೋಗಬೇಕು, ತಪ್ಪಿದರೆ ಫೋರ್ಟ್ ಕೊಚ್ಚಿಗೆ. ಕೋಲಾರದಲ್ಲಿ ಏನಿದೆ ಎನ್ನುತ್ತಾರೆ ಪ್ರತಿವಾದಿಗಳು. ಇದು ನಿಲ್ಲತಕ್ಕ ವಾದವಲ್ಲ. ಗಂಗರು ತಲಕಾಡಿಗೆ ಹೋಗುವ ಮುನ್ನ ಕುವಲಾಲವೆಂಬ ಹೆಸರಿನ ಇದೇ ಊರಿನಿಂದ ಆಳಿದರು. ಆಗ ಪಾಂಡಿಚೇರಿಯಲ್ಲಿ ಫ್ರೆಂಚರು ಇನ್ನೂ ಬಂದಿಳಿದಿರಲಿಲ್ಲ. ಚಾರಿತ್ರಿಕತೆ ಸಿದ್ಧ. ಇನ್ನು ಚಿಕ್ಕದು: ಬಾಗಿಲು ಪೂರ್ತಿ ತೆರೆದರೆ ಮಂಚಕ್ಕೆ ಬಡಿಯುತ್ತದೆ, ಮಂಚ ಸರಿಸಿದರೆ ಬಚ್ಚಲ ಬಾಗಿಲು ತೆರೆಯುವುದಿಲ್ಲ. ಇದೂ ಸಿದ್ಧ. ಮನಸೆಳೆಯುವುದೆಂಬ ಲಕ್ಷಣ ಮಾತ್ರ ವಿವಾದಾಸ್ಪದ.

ಅಸಲಿಗೆ ಈ ಸೀಮೆಯಲ್ಲಿ ರಾತ್ರಿ ತಂಗುವವರೇ ಅಪರೂಪ. ಬೆಂಗಳೂರು ಎಪ್ಪತ್ತು ಕಿಲೋಮೀಟರಿನ ಒಳಗಿದೆ. ಮಾಲೂರಿಗೆ ಹೆಂಚು, ಇಟ್ಟಿಗೆಯ ವ್ಯವಹಾರಕ್ಕೆ ಬಂದವರು ಸಂಜೆಯ ರೈಲು ಹಿಡಿಯುತ್ತಾರೆ. ಮುಳಬಾಗಿಲಿನಲ್ಲಿ ತಿರುಪತಿಯ ಯಾತ್ರಿಕರು ದೋಸೆ ತಿಂದು, ಕೈ ತೊಳೆದು, ಕಾರು ಹತ್ತುತ್ತಾರೆ. ಶ್ರೀನಿವಾಸಪುರದಲ್ಲಿ ಮಾವಿನ ಸುಗ್ಗಿ ಬಂದರೆ ವ್ಯಾಪಾರಿಗೆ ಮಂಡಿಯೇ ಮಲಗುವ ಮನೆ. ಕೋಲಾರದಲ್ಲಿ ತಂಗಿದ ದೊಡ್ಡ ಅತಿಥಿಯೆಂದರೆ ಹೈದರಾಲಿ; ಅದೂ ತೀರಿಕೊಂಡ ಮೇಲೆ. 1782ರ ಡಿಸೆಂಬರಿನಲ್ಲಿ ಚಿತ್ತೂರಿನ ಬಳಿಯ ದಂಡಿನಲ್ಲಿ ಅವನು ತೀರಿಹೋದಾಗ, ಟಿಪ್ಪು ಬಂದು ಸೇರುವವರೆಗೆ ಸುದ್ದಿ ಹೊರಬೀಳದಿರಲೆಂದು ದೇಹವನ್ನು ಪೆಟ್ಟಿಗೆಯಲ್ಲಿಟ್ಟು ಗುಟ್ಟಾಗಿ ಕೋಲಾರಕ್ಕೆ ತಂದರು. ತಂದೆ ಫತೇ ಮಹಮ್ಮದನ ಮಕಬರದಲ್ಲಿ ಇರಿಸಿ, ಆಮೇಲೆ ಶ್ರೀರಂಗಪಟ್ಟಣಕ್ಕೆ ಸಾಗಿಸಿದರು. ರಿಜಿಸ್ಟರಿನಲ್ಲಿ ಹೆಸರು ಬರೆಯದೆ ಈ ಊರಿನಲ್ಲಿ ತಂಗಲು ಸಾಧ್ಯವಾದದ್ದು ಪ್ರಾಯಶಃ ಅದೇ ಕೊನೆ.

ಏಕೆಂದರೆ ಇಂದಿನ ರಿಜಿಸ್ಟರು ಯಾರನ್ನೂ ಬಿಡುವುದಿಲ್ಲ. ಎಲ್ಲಿಂದ ಬಂದಿರಿ? ಎಲ್ಲಿಗೆ ಹೋಗುವಿರಿ? ಬಂದ ಉದ್ದೇಶವೇನು? ಇಂಥವೇ ಪ್ರಶ್ನೆಗಳನ್ನು ಹಿಡಿದು ಮುಳಬಾಗಿಲಿನಲ್ಲಿ ಹುಟ್ಟಿದ ಡಿ.ವಿ.ಜಿ.ಯವರು ಒಂದು ಕಗ್ಗವನ್ನೇ ಬರೆಯಬೇಕಾಯಿತು. ಲಾಡ್ಜಿನ ಮ್ಯಾನೇಜರು ಎರಡು ಇಂಚಿನ ಕಾಲಮ್ಮಿನಲ್ಲಿ ಉತ್ತರ ಕೇಳುತ್ತಾರೆ. ಪುಟಗಳನ್ನು ತಿರುವಿ ನೋಡಿದೆ. ಕೋರ್ಟಿನ ವಾಯಿದೆಗೆ ಬಂದವರು, ಹೆಣ್ಣು ನೋಡಲು ಬಂದವರು, ಟೊಮೆಟೊ ಮಂಡಿಗೆ ಬಂದವರು, ಎಲ್ಲರದೂ ಒಂದೇ ಉತ್ತರ: ‘ಸ್ವಂತ ಕೆಲಸ’. ಅದ್ವೈತ ಇಷ್ಟು ಸಲೀಸಾಗಿ ಬೇರೆಲ್ಲೂ ಸಿದ್ಧಿಸಿಲ್ಲ.

ಈಗ ಮುಖ್ಯ ಶಾಸನಕ್ಕೆ ಬರೋಣ. ಮೂಲ: ರೂಮಿನ ಬಾಗಿಲ ಹಿಂಬದಿ. ಲಿಪಿ: ಕನ್ನಡ, ನಡುನಡುವೆ ಇಂಗ್ಲಿಷ್. ಮಾಧ್ಯಮ: ಲ್ಯಾಮಿನೇಷನ್ ಮಾಡಿದ ಕಾಗದ, ನಾಲ್ಕು ಮೂಲೆಗೂ ಸೆಲ್ಲೋಟೇಪು. ಆದಿಯಲ್ಲಿ ತಿರುಪತಿ ತಿಮ್ಮಪ್ಪನ ಮಂಗಳಚಿತ್ರ. ತರುವಾಯ ಎ.ಸಿ., ನಾನ್ ಎ.ಸಿ., ಡೀಲಕ್ಸ್ ಎಂಬ ಬಿರುದಾವಳಿ. ಆರನೆಯ ಸಾಲನ್ನು ಯಾರೋ ಬ್ಲೇಡಿನಿಂದ ಕೆರೆದಿದ್ದಾರೆ: ‘ರೂಮಿನಲ್ಲಿ ಮದ್ಯಪಾನ ....ಸಲಾಗಿದೆ’. ಒಂದು ಪಂಥದವರು ಇಲ್ಲಿ ‘ನಿಷೇಧಿ’ ಎಂಬ ಅಕ್ಷರಗಳನ್ನು ಊಹಿಸುತ್ತಾರೆ. ಮಂಚದ ಕೆಳಗಿನ ಖಾಲಿ ಬಾಟಲಿಗಳನ್ನು ಆಧಾರವಾಗಿಟ್ಟುಕೊಂಡ ಇನ್ನೊಂದು ಪಂಥ ‘ಏರ್ಪಡಿ’ ಎಂದೇ ಓದಬೇಕೆನ್ನುತ್ತದೆ. ಪುರಾತತ್ವದ ಸಾಕ್ಷ್ಯ ಎರಡನೆಯವರ ಕಡೆಗಿದೆ. ಕೊನೆಯಲ್ಲಿ ಸಂಪ್ರದಾಯದಂತೆ ಶಾಪಾಶಯ. ಹಿಂದೆ ದಾನವನ್ನು ಕೆಡಿಸಿದವರಿಗೆ ವಾರಣಾಸಿಯಲ್ಲಿ ಕವಿಲೆಯನ್ನು ಕೊಂದ ಪಾಪ ತಟ್ಟುತ್ತಿತ್ತು. ಇಲ್ಲಿ ಬೆಡ್‌ಶೀಟಿಗೆ ಕಲೆಯಾದರೆ ದಂಡ ವಸೂಲು ಮಾಡಲಾಗುವುದು. ಕಲಿಯುಗದಲ್ಲಿ ಪಾಪ ರೂಪಾಯಿಗೆ ಇಳಿದಿದೆ.

ಜಲತತ್ತ್ವದ ಬಗ್ಗೆ ಒಂದು ಮಾತು. ಊರಿನ ಪಕ್ಕದ ಶತಶೃಂಗ ಬೆಟ್ಟದ ಅಂತರಗಂಗೆಯಲ್ಲಿ ಕಲ್ಲು ಬಸವನ ಬಾಯಿಂದ ವರ್ಷವಿಡೀ ನೀರು ಬೀಳುತ್ತದೆ. ಲಾಡ್ಜಿನ ನಲ್ಲಿಯಿಂದ ಬಿಸಿನೀರು ಬೆಳಿಗ್ಗೆ 6ರಿಂದ 8ರವರೆಗೆ, ಅದೂ ಶಾಸನದಲ್ಲಿ ಮಾತ್ರ. ರೂಮ್ ಬಾಯನ್ನು ಕೂಗಿದೆ. ‘ಬರ್ತದೆ ಸಾರ್, ಈಗ ಮೋಟ್ರು ಹಾಕವ್ರೆ’ ಎಂದ. ಮ್ಯಾನೇಜರನ್ನು ಕೇಳಿದೆ, ಅವರು ಫೋನಿನಿಂದ ತಲೆ ಎತ್ತದೆ ‘ವಸ್ತಾಯಿ, ವಸ್ತಾಯಿ’ ಎಂದರು. ಎರಡು ಭಾಷೆಗಳಲ್ಲೂ ನೀರು ಬರಲಿಲ್ಲ. ಒಂದು ಕಡೆ ಹಿಡಿ ಕಿತ್ತ ನೀಲಿ ಬಕೆಟ್ಟು, ಅದರ ಮೇಲೆ ಕೆಂಪು ಪೇಂಟಿನಲ್ಲಿ ರೂಮಿನ ನಂಬರು, ತಳದಲ್ಲಿ ಹಿಂದಿನ ಅತಿಥಿಯ ಶಾಂಪೂ ಪೊಟ್ಟಣ. ಸಾವಿರ ಅಡಿ ಕೊರೆದರೂ ಬೋರ್‌ವೆಲ್‌ಗಳು ಬತ್ತಿದ್ದ, ಕೆರೆ ತುಂಬಿಸಲು 2018ರಿಂದ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರನ್ನು ತರಿಸಿಕೊಳ್ಳುತ್ತಿರುವ ಜಿಲ್ಲೆಯಿದು. ಇಲ್ಲಿ ಷವರನ್ನು ಕೇಳುವವನೇ ಅವಿವೇಕಿ.

ಕೀಟಪ್ರಕರಣ ಚಿಕ್ಕದು. ಚೇಳಿನ ಕಾಟಕ್ಕೆ ಕೋಲಾರಮ್ಮನ ಗುಡಿಯಲ್ಲಿ ಚೇಳಮ್ಮನಿದ್ದಾಳೆ. ತಿಗಣೆಗೆ ಅಂಥ ದೇವಿಯನ್ನು ಗಂಗರೂ ಪ್ರತಿಷ್ಠಾಪಿಸಲಿಲ್ಲ, ಚೋಳರೂ ಪ್ರತಿಷ್ಠಾಪಿಸಲಿಲ್ಲ.

ಸಿದ್ಧಾಂತ: ಮನಸೆಳೆಯುವ ಗುಣ ರೂಮಿನಲ್ಲಿ ಇಲ್ಲ, ಊರಿನಲ್ಲಿದೆ, ಆದುದರಿಂದ ಅತಿಥಿಯು ಬೆಳಗಾಗುತ್ತಲೇ ಹೊರಬೀಳತಕ್ಕದ್ದು. ಮುಂದಿನ ಸಂಶೋಧಕರಲ್ಲಿ ಒಂದು ವಿನಂತಿ: ಆಧಾರ್ ಕಾರ್ಡಿನ ಜೆರಾಕ್ಸ್ ಎರಡು ಪ್ರತಿ ಇಟ್ಟುಕೊಳ್ಳಿ, ಚಿಲ್ಲರೆ ಇರಲಿ, ಸೋಪು ನಿಮ್ಮದೇ ಒಯ್ಯಿರಿ. ಟೊಮೆಟೊಗೆ ಬೆಲೆ ಬಂದ ವಾರ ಮಾತ್ರ ಹೋಗಬೇಡಿ, ರೂಮು ಸಿಗುವುದಿಲ್ಲ.