ಸಂಶೆಪ್ಪ ಕಾಕಾರ ಕೌಂಟರ್

ಗೋಕಾಕ, ಮೂಡಲಗಿ, ಹುಕ್ಕೇರಿ, ಈ ಮೂರರಲ್ಲಿ ಯಾವ ಊರಿನ ಕಾಲೇಜಿಗೆ ಹೋದರೂ ಆಫೀಸಿನ ಜಾಲರಿ ಕಿಟಕಿಯ ಹಿಂದೆ ಒಬ್ಬ ಸಂಶೆಪ್ಪ ಕಾಕಾ ಸಿಗುತ್ತಾರೆ. ಹಾಜರಿ ಪುಸ್ತಕದಲ್ಲಿ ಹೆಸರು ಬೇರೆ ಇರುತ್ತದೆ. ಹುದ್ದೆ ಎಲ್ಲೋ ಸೂಪರಿಂಟೆಂಡೆಂಟ್, ಎಲ್ಲೋ ಎಫ್‌ಡಿಎ. ಐನೂರರ ನೋಟನ್ನು ಟ್ಯೂಬ್‌ಲೈಟಿಗೆ ಹಿಡಿದು ಗಾಂಧೀಜಿಯನ್ನು ಎರಡೆರಡು ಸಲ ವಿಚಾರಿಸಿಕೊಂಡ ಮೇಲೆಯೇ ರಸೀದಿ ಹರಿಯುವ ಮನುಷ್ಯ. ಗೋಕಾಕದ ಪೇಟೆಯಲ್ಲೇ ನಿಂತು ಕರದಂಟಿನ ಅಂಗಡಿಯವನಿಗೆ, “ಇದು ಖರೇನ ಗೋಕಾಕದ್ದ ಹೌದಲ್ಲೋ? ಅಮೀನಗಡದ್ದ ತಂದ ಇಟ್ಟಿಲ್ಲಲಾ?” ಎಂದು ಕೇಳುವಷ್ಟು ಧೈರ್ಯ. ಹಿಂದೆಲ್ಲ ಈ ಗುಣಕ್ಕೆ ಜನ ಕಿರಿಕಿರಿ ಅನ್ನುತ್ತಿದ್ದರು. ಈಗ ಸೈಬರ್ ಸುರಕ್ಷತೆ ಅನ್ನುತ್ತಾರೆ.

ಕಾಲೇಜಿನ ಇಮೇಲ್ ಕಾಕಾರ ಸುಪರ್ದಿಯಲ್ಲಿದೆ. ಬಂದದ್ದನ್ನೆಲ್ಲ ಪ್ರಿಂಟ್ ತೆಗೆಸಿ, ಪಂಚ್ ಹೊಡೆದು, ಫೈಲಿಗೆ ಹಾಕಿದ ಮೇಲೆಯೇ ಓದುವುದು. “ಹಾಳಿ ಮ್ಯಾಲಿನ ಲಿಂಕ್ ಒತ್ತಿದ್ರ ಏನ ಆಕ್ಕೈತಿ? ಬೆರಳಿಗೆ ಶಾಯಿ ಹತ್ತತೈತಿ, ಅಷ್ಟ.” ಇಷ್ಟು ಗಟ್ಟಿಯಾದ ಆಂಟಿವೈರಸ್ ಪೇಟೆಯಲ್ಲಿ ಸಿಗುವುದಿಲ್ಲ, ಒಪ್ಪಬೇಕು. ಆದರೆ ಹಾಳೆಯ ಮೇಲೆ ‘ಇಲ್ಲಿ ಒತ್ತಿರಿ’ ಎಂಬ ನೀಲಿ ಅಕ್ಷರ ಕಾಣುತ್ತದೆಯೇ ಹೊರತು, ಒತ್ತಿದರೆ ಯಾವ ಊರಿಗೆ ಹೋಗಿ ಬೀಳುತ್ತೇವೆ ಅನ್ನುವುದು ಕಾಣುವುದಿಲ್ಲ. ಫೀ ತುಂಬಲು ಬಂದ ಬಿಸಿಎ ಹುಡುಗಿಯೊಬ್ಬಳು ಒಳಗೆ ಬಂದು, ಮೌಸಿನ ಬಾಣವನ್ನು ಆ ಅಕ್ಷರದ ಮೇಲೆ ಸುಮ್ಮನೆ ತಂದು ನಿಲ್ಲಿಸಿ, ಪರದೆಯ ಕೆಳಮೂಲೆಯಲ್ಲಿ ಮೂಡಿದ ಅಸಲಿ ವಿಳಾಸ ತೋರಿಸಿದಳು. ಕಾಕಾರ ಅನುಮಾನಕ್ಕೆ ಅವತ್ತು ಕಣ್ಣು ಬಂತು.

ಅಂದಿನಿಂದ ಅವರದು ಒಂದೇ ಪಾಠ: “ಟಪಾಲಿನ ವಿಳಾಸ ಇದ್ದಂಗ ಇದು. ಮುಂದ ಏನರ ಬರ್ಕೊಳ್ಳಿ, ಸ್ಕಾಲರ್‌ಶಿಪ್ ಅನ್ಲಿ, ಕರ್ನಾಟಕ ಅನ್ಲಿ. ಕಡೀಕ ಜಿಲ್ಲಾ ಯಾವುದು ನೋಡ. ಶುರುವಿನ ಜೋಡಿ ಗೆರಿ ಬಿಟ್ಟು, ಮೊದಲನೇ ಅಡ್ಡಗೆರಿ ಬರೂದ್ರೊಳಗ ‘ಡಾಟ್ ಗವ್ ಡಾಟ್ ಇನ್’ ಅಂತ ಮುಗೀಲಿಲ್ಲಂದ್ರ ಅದನ್ನ ಸರಕಾರದ್ದಂತ ನಂಬಬ್ಯಾಡ.” ಆ ಬಾಲ ಸರ್ಕಾರಿ ಸಂಸ್ಥೆಗಳಿಗಷ್ಟೇ ಸಿಗುವುದು. ಬ್ಯಾಂಕುಗಳೂ ‘ಬ್ಯಾಂಕ್ ಡಾಟ್ ಇನ್’ ಎಂಬ ಬಾಲಕ್ಕೆ ಬದಲಾಗಬೇಕೆಂದು ರಿಸರ್ವ್ ಬ್ಯಾಂಕ್ 2025ರ ಅಕ್ಟೋಬರ್ 31ರ ಗಡುವು ಹಾಕಿತ್ತು. ಪೇಪರಿನಲ್ಲಿ ಅದನ್ನು ಓದಿದ ದಿನ ಕಾಕಾ ಎಲ್ಲರಿಗೂ ಚಹಾ ಹೇಳಿದರು. “ಅಲ್ಲೂ ನಮ್ಮಂಥಾವ್ರ ಯಾರೋ ಅದಾರ.”

ಕಾಕಾರ ನಿಜವಾದ ಸುಗ್ಗಿ ಅಂದರೆ ಸ್ಕಾಲರ್‌ಶಿಪ್ ಹಂಗಾಮು. ಮೂಡಲಗಿಯ ಕೌಂಟರಿಗೆ ಹುಡುಗನೊಬ್ಬ ಫೋನ್ ಹಿಡಿದು ಓಡಿ ಬಂದ.

“ಸರ, ಎಸ್‌ಎಸ್‌ಪಿ ಸ್ಕಾಲರ್‌ಶಿಪ್ ಪೋರ್ಟಲಿನಿಂದ ಮೇಲ್ ಬಂದೈತ್ರಿ. 24 ತಾಸಿನಾಗ 199 ರೂಪಾಯಿ ತುಂಬಲಿಲ್ಲಂದ್ರ ಸ್ಕಾಲರ್‌ಶಿಪ್ ರದ್ದಂತ್ರಿ!”

“ಯಾವೂರೋ ತಮ್ಮಾ?”

“ಗುರ್ಲಾಪುರ ರಿ.”

“ಅರ್ಜಿ ಹಾಕಿ ಎಷ್ಟ ದಿನಾ ಆತು?”

“ಏಳ ತಿಂಗಳ ರಿ.”

“ಏಳ ತಿಂಗಳ ಸುಮ್ಮ ಕುಂತ ಸರಕಾರಕ್ಕ ಇವತ್ತ ಒಮ್ಮೆಲೆ 24 ತಾಸಿನ ಗಡಿಬಿಡಿ ಯಾಕ ಬಂತೋ? ರೊಕ್ಕ ಕೊಡಾವ ಮೊದಲ ರೊಕ್ಕ ಯಾಕ ಕೇಳ್ತಾನ?”

ಹುಡುಗ ಫೋನ್ ಕಿಸೆಗಿಟ್ಟ. ವಿದ್ಯಾರ್ಥಿವೇತನ ಆಧಾರ್ ಜೋಡಿಸಿದ ಖಾತೆಗೆ ನೇರ ಬಂದು ಬೀಳುತ್ತದೆ; ಬೀಳಲು ಅದಕ್ಕೆ ಯಾರ ಒಟಿಪಿಯೂ ಬೇಡ, ಪಿನ್ನೂ ಬೇಡ. ಕಾಕಾ ಪ್ರಿಂಟ್ ತೆಗೆಸಿದ ಆ ಇಮೇಲಿನ ಅಡಿಯಲ್ಲಿ ‘ಮೂಡಲಗಿ, ತಾಲೂಕು ಗೋಕಾಕ’ ಎಂದಿತ್ತು. ಮೂಡಲಗಿ ಬೇರೆಯೇ ತಾಲೂಕಾಗಿ ವರ್ಷಗಳಾದವು ಎಂದು ಕಾಕಾ ಅದಕ್ಕೂ ಕೆಂಪು ಶಾಯಿಯಲ್ಲಿ ಗೆರೆ ಎಳೆದರು. ಅವರ ಸ್ವಂತ ಪಡಿತರ ಚೀಟಿಯಲ್ಲೂ ಇನ್ನೂ ಹಾಗೆಯೇ ಇದೆ. ಅದು ಬೇರೆ ಮಾತು.

ಹುಕ್ಕೇರಿಯ ಕಾಕಾರದು ಇನ್ನೂ ಒಂದು ಕೈ ಮೇಲು. ‘ಬಿಲ್ ಬಾಕಿ ಇದೆ, ಇಂದು ರಾತ್ರಿ 9.30ಕ್ಕೆ ಹೆಸ್ಕಾಂನಿಂದ ನಿಮ್ಮ ವಿದ್ಯುತ್ ಕಡಿತ, ಕೂಡಲೇ ಈ ಅಧಿಕಾರಿಗೆ ಫೋನ್ ಮಾಡಿ’ ಎಂಬ ಸಂದೇಶ ಸ್ಟಾಫ್ ರೂಮಿನಲ್ಲಿ ಗದ್ದಲ ಎಬ್ಬಿಸಿತ್ತು. ಕಾಕಾ ಕನ್ನಡಕ ತೆಗೆದು ಒರೆಸಿದರು. “1969ರಿಂದ ನಮ್ಮ ತಾಲೂಕಿಗೆ ಕರೆಂಟ್ ಕೊಡಾಕ ಸಹಕಾರಿ ಸಂಘ ಐತಿ. ಹೆಸ್ಕಾಂ ನಮಗ ಬಿಲ್ಲ ಕಳಸೂದಿಲ್ಲ, ಇನ್ನ ಫ್ಯೂಜ್ ಹೆಂಗ ಕೀಳತೈತಿ? ಮತ್ತ ಕರೆಂಟ್ ಯಾವಾಗ ಟೈಮ್ ಹೇಳಿ ಹೋಗೇತಿ?” ದೂರದ ಕಳ್ಳನಿಗೆ ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘದ ಇತಿಹಾಸ ಎಲ್ಲಿಂದ ಗೊತ್ತಿರಬೇಕು, ಪಾಪ.

‘ನಾನು ಪ್ರಿನ್ಸಿಪಾಲ್, ಮೀಟಿಂಗಿನಲ್ಲಿದ್ದೇನೆ, ಫೋನ್ ಮಾಡಬೇಡಿ, ಹತ್ತು ಗಿಫ್ಟ್ ಕಾರ್ಡ್ ತೆಗೆದು ನಂಬರ್ ಕಳಿಸಿ, ದಯವಿಟ್ಟು’ ಎಂದು ಒಮ್ಮೆ ಗೋಕಾಕಕ್ಕೆ ಮೇಲ್ ಬಂತು. ಹೆಸರೂ ಫೋಟೋವೂ ಪ್ರಿನ್ಸಿಪಾಲರದೇ. ಕಾಕಾ ಉತ್ತರ ಬರೆಯಲಿಲ್ಲ. ಎದ್ದು ಹೋಗಿ ಚೇಂಬರಿನ ಬಾಗಿಲು ತೆರೆದರು. ಸಾಹೇಬರು ಒಳಗೇ ಕೂತು ಚುರುಮುರಿ ತಿನ್ನುತ್ತಿದ್ದರು. “‘ದಯವಿಟ್ಟು’ ಅಂತ ಇತ್ತು ಸಾಹೇಬ್ರ, ಅಲ್ಲೇ ಸಂಶೆ ಬಂತು.”

ಮೊದಲು ಕಳ್ಳರನ್ನು ಅವರ ಹರಕು ಮುರುಕು ಕನ್ನಡದಿಂದಲೇ ಹಿಡಿಯಬಹುದಿತ್ತು. ಕೃತಕ ಬುದ್ಧಿಮತ್ತೆ ಬಂದು ಆ ಸುಖವೂ ಹೋಯಿತು. ಈಗ ಕಳ್ಳರ ಕನ್ನಡ ನಮ್ಮ ಸುತ್ತೋಲೆಗಳ ಕನ್ನಡಕ್ಕಿಂತ ಚಲೋ ಇದೆ. ಹಾಗಾಗಿ ಕಾಕಾ ನಿಯಮವನ್ನೇ ತಿರುವಿ ಹಾಕಿದ್ದಾರೆ: ಒಂದೂ ಕಾಗುಣಿತದ ತಪ್ಪಿಲ್ಲದ ಸರ್ಕಾರಿ ಪತ್ರ ಬಂದರೆ ಮೊದಲು ಅದನ್ನೇ ತನಿಖೆ ಮಾಡುವುದು.

ಇದರ ಬಿಸಿ ಒಳ್ಳೆಯವರಿಗೂ ತಟ್ಟಿದೆ. ಅತಿಥಿ ಉಪನ್ಯಾಸಕರ ಗೌರವಧನದ ಆದೇಶ ಕಾಕಾರ ‘ಸಂಶಯಾಸ್ಪದ’ ಫೈಲಿನಲ್ಲಿ ಮಲಗಿ, ದೀಪಾವಳಿ ಕಳೆದ ಮೇಲೆ ಎದ್ದಿತು. ಮೇಲಧಿಕಾರಿ ತಾವೇ ಫೋನ್ ಮಾಡಿ ಗದರಿದರೆ ಕಾಕಾ ಅದನ್ನು ಕಟ್ ಮಾಡಿ, ತಮ್ಮ ಹಳೇ ಡೈರಿಯಲ್ಲಿದ್ದ ನಂಬರಿಗೆ ತಿರುಗಿ ಹಚ್ಚಿ, “ಸಾಹೇಬ್ರ, ಈಗ ಬೈದಾವ್ರು ನೀವ ಹೌದಲ್ರಿ?” ಎಂದು ಕೇಳಿದರು. ಅತಿಥಿ ಉಪನ್ಯಾಸಕರ ಸಿಟ್ಟು ನ್ಯಾಯವಾದದ್ದೇ. ಆದರೆ ಬಂದ ಕರೆಯನ್ನಾಗಲಿ ಮೇಲಿನಲ್ಲಿ ಕೊಟ್ಟ ನಂಬರನ್ನಾಗಲಿ ನಂಬದೆ, ತನಗೆ ಮೊದಲೇ ಗೊತ್ತಿದ್ದ ನಂಬರಿಗೆ ಕೇಳಿ ನೋಡುವ ಆ ಚಾಳಿಗೆ ನಾನಂತೂ ಪೂರ್ತಿ ಅಂಕ ಕೊಡುತ್ತೇನೆ.

ಕಾಕಾ ಯಾರನ್ನೂ ಬೈಯದ ಒಂದು ಗಳಿಗೆಯೂ ಇದೆ. ಮದುವೆ ಆಮಂತ್ರಣವೆಂದು ಬಂದ ಎಪಿಕೆ ಫೈಲ್ ಒತ್ತಿ, ಅದರೊಳಗಿನ ಆ್ಯಪ್ ಹಾಕಿಕೊಂಡು ಹಾಸ್ಟೆಲ್ ಫೀ ಕಳೆದುಕೊಂಡ ಹುಡುಗ ಕಿಟಕಿಯ ಮುಂದೆ ಬಂದು ಅತ್ತಾಗ, ಅವರು ಕೇಳಿದ್ದು ಎಷ್ಟು ಹೋಯಿತು ಎಂದಲ್ಲ, ಯಾವಾಗ ಹೋಯಿತು ಎಂದು. ಅರ್ಧ ತಾಸಾಗಿತ್ತು. ತಾವೇ ಸೈಬರ್ ವಂಚನೆಯ ಸಹಾಯವಾಣಿ 1930 ಹಚ್ಚಿ ಹುಡುಗನ ಕೈಗೆ ಫೋನ್ ಕೊಟ್ಟರು. ಹಣ ಕಳ್ಳನ ಖಾತೆಯಿಂದ ಮುಂದಕ್ಕೆ ಜಿಗಿಯುವ ಮೊದಲು ದೂರು ಮುಟ್ಟಿದರೆ ಅಲ್ಲಿಯೇ ತಡೆಯಲು ದಾರಿ ಇದೆ. ದೂರು ದಾಖಲಾದ ಮೇಲೆ ಮಾತ್ರ, “ಗುರುತಿಲ್ಲದಾವ್ನ ಮದಿವಿಗೆ ಹೋಗಾವ್ನ ಇದ್ಯೇನಲೇ?” ಎಂದು ಶುರುಮಾಡಿದರು.

ಹುಕ್ಕೇರಿಯ ಕಾಕಾ ಬರುವ ಮೇ ಕೊನೆಗೆ ನಿವೃತ್ತರಾಗಬೇಕು. ಆದೇಶ ಇಮೇಲಿನಲ್ಲಿ ಬಂದಿದೆ. ಅದರಲ್ಲಿ ಕಾಗುಣಿತದ ತಪ್ಪು ಒಂದೂ ಇಲ್ಲದ್ದರಿಂದ ಅವರು ಅದನ್ನು ಇನ್ನೂ ನಂಬಿಲ್ಲ.