ಅಮುಕ ಗೋತ್ರದ ಕೋಡು

38 ಟೇಬಲ್ಲು, ಒಂದೊಂದಕ್ಕೂ ಮೂರು ಫೈಲು. ಕೋಡೆಲ್ಲ ಒಂದೇ ಥರ, ಹೆಸರಷ್ಟೇ ಬೇರೆ. ಪಕ್ಕದ ಸೀಟಿನ ಹುಡುಗಿ, “ಕಾಪಿ ಪೇಸ್ಟ್ ಮಾಡಿಬಿಡಿ ಸರ್, ಎರಡು ದಿನದ ಕೆಲಸ” ಅಂದಳು. ಹದಿನೈದು ವರ್ಷ ಸರ್ವೀಸಾದವನಿಗೆ ಕಾಪಿ ಪೇಸ್ಟ್ ಹೇಳಿಕೊಡುವುದೇ? “ಟೆಂಪ್ಲೇಟ್ ಬರೀತೀನಿ, ಮಧ್ಯಾಹ್ನದ ಊಟಕ್ಕೆ ಮುಂಚೆ ಮುಗಿಯುತ್ತೆ ನೋಡು” ಅಂದೆ. ಯಾವ ದಿನದ ಊಟ ಅಂತ ಹೇಳಲಿಲ್ಲ, ಪುಣ್ಯ.

ಹೆಸರು ಬರಬೇಕಾದ ಕಡೆಯೆಲ್ಲ ‘ನೇಮ್’ ಅಂತಿಟ್ಟು, ಅದು ಕಂಡಲ್ಲೆಲ್ಲ ಟೇಬಲ್ಲಿನ ಹೆಸರು ತುಂಬು ಅಂತ, ಪದ ಹುಡುಕಿ ಬದಲಿಸುವ ಸೆಡ್ ಅನ್ನೋ ಟೂಲಿಗೆ ಒಂದೇ ಸಾಲಿನ ಅಪ್ಪಣೆ ಕೊಟ್ಟೆ. ಸೆಡ್ಡು 1970ರ ದಶಕದ, ಬೆಲ್ ಲ್ಯಾಬ್ಸ್ ಕಾಲದ ಆಳು. ಹೇಳಿದ್ದು ಮಾಡುತ್ತೆ, ಯಾಕೆ ಅಂತ ಕೇಳಲ್ಲ. ಟೀ ಕುಡಿದು ಬಂದು ನೋಡಿದರೆ 114 ಫೈಲೂ ತಯಾರು. ಆದರೆ ಸಪ್ಲೈಯರ್ ಟೇಬಲ್ಲಿನ ಫೈಲಲ್ಲಿ ‘ಯೂಸರ್‌ನೇಮ್’ ಇದ್ದಲ್ಲಿ ‘ಯೂಸರ್‌ಸಪ್ಲೈಯರ್’, ‘ಫೈಲ್‌ನೇಮ್’ ಇದ್ದಲ್ಲಿ ‘ಫೈಲ್‌ಸಪ್ಲೈಯರ್’! ಎಲ್ಲೆಲ್ಲಿ ನೇಮ್ ಅಡಗಿತ್ತೋ ಅಲ್ಲೆಲ್ಲ ಹುಡುಕಿ ಹುಡುಕಿ ತುಂಬಿತ್ತು. ನಾಲ್ಕು ಫೈಲು ಕೈಯಲ್ಲೇ ತಿದ್ದಿದೆ. ಆಮೇಲೆ ಮರೆತು ಮತ್ತೆ ರನ್ ಮಾಡಿದೆ. ತಿದ್ದಿದ್ದೂ ಹೋಯಿತು.

ಮೂರನೇ ದಿನ ಪೈಥಾನ್ ಹಿಡಿದೆ. 2004ರ 2.4 ಆವೃತ್ತಿಯಿಂದಲೂ ಅದರಲ್ಲಿ ಇದಕ್ಕೆಂದೇ ಸ್ಟ್ರಿಂಗ್ ಟೆಂಪ್ಲೇಟ್ ಇದೆ: ಖಾಲಿ ಜಾಗಕ್ಕೆ ಡಾಲರ್ ಗುರುತು ಹಚ್ಚಿದರಾಯಿತು. ‘ಸಬ್‌ಸ್ಟಿಟ್ಯೂಟ್’ ಅಂದೆ. ‘ಟೈಟಲ್’ ಎಲ್ಲಿ ಅಂತ ಕೀ ಎರರ್ ಕೊಟ್ಟು ಕೂತಿತು. ಇದೇನು ಕಾಟ ಅಂತ ‘ಸೇಫ್ ಸಬ್‌ಸ್ಟಿಟ್ಯೂಟ್’ ಹಾಕಿದೆ, ತಕ್ಷಣ ಗಪ್‌ಚುಪ್. ಸೇಫ್ ಅಂದರೆ ನಾನು ಸೇಫ್ ಅಂದುಕೊಂಡಿದ್ದೆ. ತುಂಬಬೇಕಾದ್ದು ಸಿಗದಿದ್ದರೆ ಬಾಯ್ಮುಚ್ಚಿಕೊಂಡು ಡಾಲರ್ ಸಮೇತ ಹಾಗೇ ಬಿಡುವುದಂತೆ ಅದು. ಡೆಮೋದಲ್ಲಿ 38 ಪರದೆಯ ನೆತ್ತಿಯ ಮೇಲೂ ‘$ಟೈಟಲ್’. ಕ್ಲೈಂಟು ಕನ್ನಡಕ ಸರಿಮಾಡಿಕೊಂಡು, “ಏನ್ರೀ ಇದು ಡಾಲರ್ರು? ಬಿಲ್ಲು ರೂಪಾಯೀಲಿ ಅಂತ ಮಾತಾಗಿತ್ತಲ್ಲ?” ಅಂದರು. ಪಕ್ಕದ ಸೀಟಿನವಳು ನೀರು ಕುಡಿಯುವ ನೆಪದಲ್ಲಿ ಎದ್ದುಹೋದಳು.

ಅದೇ ವಾರ ಗಣೇಶನ ಹಬ್ಬ. ಪುರೋಹಿತರು ಸಿಗಲಿಲ್ಲ, ಪುಸ್ತಕ ನೋಡಿ ನಾನೇ ಪೂಜೆಗೆ ಕೂತೆ. ಸಂಕಲ್ಪ ಬಂತು. ಅಮುಕ ಸಂವತ್ಸರ, ಅಮುಕ ಮಾಸ, ಅಮುಕ ಗೋತ್ರ ಅಂತ ಅಚ್ಚಾದದ್ದನ್ನು ಅಚ್ಚಾದ ಹಾಗೇ ರಾಗವಾಗಿ ಓದಿಕೊಂಡು ಹೋದೆ. ಬಾಗಿಲಲ್ಲಿ ನಿಂತಿದ್ದ ಅಮ್ಮ, “ಅಮುಕ ಅಲ್ವೋ, ಅಲ್ಲಿ ನಿನ್ನ ಗೋತ್ರ ಹೇಳ್ಬೇಕು!” ಅಂದಳು.

ಗೋತ್ರ ನೆನಪಾಗಲಿಲ್ಲ. ಹಾಗೇ ಮುಂದುವರಿಯಲು ನೋಡಿದೆ. ಅಮ್ಮ ಸೇಫ್ ಅಲ್ಲ. ಊರಲ್ಲಿರುವ ದೊಡ್ಡಪ್ಪನಿಗೆ ಫೋನ್ ಹಚ್ಚಿ ಸ್ಪೀಕರ್‌ಗೆ ಹಾಕಿದಳು.